ಗಾಜಿನ ಕಡಲಿಗೆ ಮುಚ್ಚಳವು ಬೇಕೆ?

ಮನೆವಾರ್ತೆಯ ವಸ್ತುಗಳಲ್ಲಿ ಮುಚ್ಚಳವು ತೀರ ಅಲ್ಪವಾದುದು. ಪಾತ್ರೆಗೆ ಬೆಲೆ ಕಟ್ಟುವವರು ಅದರ ಮುಚ್ಚಳಕ್ಕೆ ಬೇರೆಯಾಗಿ ಬೆಲೆ ಕಟ್ಟುವುದಿಲ್ಲ. ಅದು ಕಾಣದೆ ಹೋದ ದಿನ ಮಾತ್ರ ಮನೆಮಂದಿಯೆಲ್ಲ ಹುಡುಕುವರು. ಆದರೆ ನಮ್ಮ ಹಿರಿಯರು ಅದನ್ನು ಅಲ್ಪವೆಂದು ಎಣಿಸಿರಲಿಲ್ಲ. ಊಟಕ್ಕೆ ಮೊದಲು ಕುಡಿಯುವ ಗುಟುಕು ನೀರನ್ನು ಅವರು ಉಪಸ್ತರಣ, ಎಂದರೆ ಹಾಸು, ಎಂದು ಕರೆದರು. ಊಟವಾದ ಮೇಲೆ ಕುಡಿಯುವ ಗುಟುಕನ್ನು ಅಪಿಧಾನ, ಎಂದರೆ ಮುಚ್ಚಳ, ಎಂದು ಕರೆದರು. ಅನ್ನಕ್ಕೆ ನೀರು ಮುಚ್ಚಳವಾಗುವುದು ಸರಿಯೆ. ಆ ನೀರಿಗೆ ಮುಚ್ಚಳವು ಯಾವುದು, ಅದು ಎಲ್ಲಿ ಬೇಕು, ಎಲ್ಲಿ ಬೇಡ ಎಂಬ ಪ್ರಶ್ನೆಯು ನಮ್ಮ ಮನೆಯಲ್ಲಿ ಎರಡು ಸಲ ಎದ್ದಿತು. ಮೊದಲನೆಯ ಸಲ ನಾವು ಕೊಟ್ಟ ತೀರ್ಪು ತಪ್ಪಾಯಿತು. ಆದುದರಿಂದ ಎರಡನೆಯ ಸಲ ಕೊಂಚ ತಾಳ್ಮೆಯಿಂದ ವಿಚಾರಿಸಿ ನೋಡಿದೆವು. ಆ ವಿಚಾರವನ್ನು ಗೃಹಸ್ಥರಾದ ವಾಚಕರ ಮುಂದೆ ಇಡುವುದು ಉಪಯುಕ್ತವೆಂದು ತೋರಿ ಈ ಲೇಖನವನ್ನು ಬರೆದಿರುವೆವು.

ಎರಡನೆಯ ಪ್ರಸಂಗವನ್ನೇ ಮೊದಲು ಹೇಳುವೆವು. ಕಳೆದ ಬೇಸಿಗೆಯಲ್ಲಿ ನಾವು ಬೆಂಗಳೂರಿನಲ್ಲಿರುವ ಮಗನ ಮನೆಗೆ ಹೋಗಿದ್ದೆವು. ಅಲ್ಲಿ ನಡುಮನೆಯ ಗೋಡೆಯ ಬಳಿ ಎರಡೂವರೆ ಅಡಿ ಉದ್ದದ ಗಾಜಿನ ತೊಟ್ಟಿಯೊಂದನ್ನು ಇಟ್ಟಿದ್ದರು. ಅದರಲ್ಲಿ ಸುಮಾರು 100 ಲೀಟರು ಉಪ್ಪುನೀರು. ತಳದಲ್ಲಿ ಬಿಳಿಯ ಮರಳು, ನಾಲ್ಕಾರು ಕಲ್ಲು. ಕಿತ್ತಳೆಯ ಬಣ್ಣದ ಮೈಗೆ ಬಿಳಿಯ ಪಟ್ಟೆ ಹಾಕಿದಂತಿರುವ ಕ್ಲೌನ್ ಮೀನುಗಳು ಒಂದು ಜೊತೆ. ಇವಲ್ಲದೆ ಮುಂಭಾಗ ಬಿಳುಪಾಗಿಯೂ ಹಿಂಭಾಗ ಕೆಂಪಾಗಿಯೂ ಇದ್ದು ಬೆನ್ನಿನ ಮೇಲೆ ಕಡ್ಡಿಯಂತೆ ಒಂದು ರೆಕ್ಕೆ ನಿಮಿರಿರುವ ಬೆರಳುದ್ದದ ಮೀನೊಂದು. ಇದನ್ನು ಅಂಗಡಿಯವರು ಫೈರ್‌ಫಿಷ್ ಎನ್ನುವರು. ನಮ್ಮ ಮೊಮ್ಮಗಳಿಗೆ ಈ ಮೂರನೆಯದರ ಮೇಲೆ ಹೆಚ್ಚು ಮಮತೆ.

ನಾವು ಹೋದ ನಾಲ್ಕನೆಯ ದಿನ ಬೆಳಗ್ಗೆ ಮಗುವು ಎದ್ದು ನೋಡುವಾಗ ಆ ಮೀನು ತೊಟ್ಟಿಯಲ್ಲಿರಲಿಲ್ಲ. ಹುಡುಕಿದಾಗ ಅದು ತೊಟ್ಟಿಯ ಕಾಲಿನ ಬಳಿ, ನೆಲದ ಮೇಲೆ, ಒಣಗಿದ ಮಾವಿನೆಲೆಯ ಚೂರಿನಂತೆ ಬಿದ್ದಿತ್ತು. ರಾತ್ರಿ ಯಾರೋ ದೀಪ ಹಾಕಿದಾಗ ಬೆದರಿ ಹಾರಿರಬೇಕು. ಹುಡುಗಿಯು ಆ ದಿನ ಹಾಲನ್ನೂ ಮುಟ್ಟಲಿಲ್ಲ.

ನಮ್ಮ ಮಗನು, “ಅಪ್ಪ, ಇವತ್ತೇ ಗಾಜಿನ ಮುಚ್ಚಳ ಮಾಡಿಸುತ್ತೇನೆ. ಅಂಚಿನಿಂದ ಅಂಚಿಗೆ ಸರಿಯಾಗಿ ಕೂರಬೇಕು” ಎಂದನು. ಮೀನು ಮಾರಿದ ಅಂಗಡಿಯವರನ್ನು ಕೇಳಿದರೆ, ಕಡಲ ತೊಟ್ಟಿಯನ್ನು ಮುಚ್ಚಕೂಡದೆಂದು ಅವರು ಹೇಳಿದರು. ಮೊಮ್ಮಗಳು ನಮ್ಮ ಬಳಿ ಬಂದು, “ತಾತ, ಮುಚ್ಚಿದರೆ ಮಿಕ್ಕ ಎರಡಕ್ಕೂ ಉಸಿರು ಕಟ್ಟುತ್ತದಲ್ಲವೆ? ಮುಚ್ಚದಿದ್ದರೆ ಅವೂ ಹಾರಿಬಿಡುತ್ತವಲ್ಲವೆ? ನೀವೇ ಹೇಳಿ” ಎಂದಳು. ಮೂವತ್ತು ವರ್ಷ ಮಕ್ಕಳ ಪ್ರಶ್ನೆಗೆ ಉತ್ತರ ಹೇಳಿದ ನಮಗೆ ಒಡನೆಯೇ ಒಂದು ಮಾತು ಹೇಳಿಬಿಡುವುದು ಕಷ್ಟವಾಗಿರಲಿಲ್ಲ. ಆದರೆ ನಾವು ಒಂದು ರಾತ್ರಿಯ ಅವಧಿಯನ್ನು ಕೇಳಿದೆವು. ಅದಕ್ಕೆ ಕಾರಣವನ್ನು ಮುಂದೆ ಹೇಳುವೆವು.

ಕಡಲಿನ ನೀರನ್ನು ಗಾಜಿನ ಪೆಟ್ಟಿಗೆಯಲ್ಲಿ ಹಿಡಿದಿಟ್ಟು ಅದರಲ್ಲಿ ಪ್ರಾಣಿಗಳನ್ನು ಸಾಕುವುದು ಬಹಳ ಹಳೆಯ ವಿದ್ಯೆಯಲ್ಲ. 1850ರಲ್ಲಿ ಲಂಡನ್ನಿನ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞನು ಮೀನು, ನೀರುಗಿಡ, ಬಸವನಹುಳು ಇವು ಮೂರೂ ಒಂದೇ ಪಾತ್ರೆಯಲ್ಲಿ ಪರಸ್ಪರ ಆಧಾರವಾಗಿ ಬಾಳಬಲ್ಲುವೆಂದು ತೋರಿಸಿದನು. 1853ರಲ್ಲಿ ಆ ನಗರದ ಪ್ರಾಣಿಸಂಗ್ರಹಾಲಯದಲ್ಲಿ ಮೊತ್ತಮೊದಲನೆಯ ಸಾರ್ವಜನಿಕ ಮತ್ಸ್ಯಾಲಯವು ತೆರೆಯಿತು. 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ಎಂಬ ವಿದ್ವಾಂಸನು ಈ ವಿಷಯವಾಗಿ ಬರೆದ ಗ್ರಂಥದಿಂದ ‘ಅಕ್ವೇರಿಯಂ’ ಎಂಬ ಹೆಸರು ಲೋಕದಲ್ಲಿ ನೆಲೆಗೊಂಡಿತು. ಕಡಲಿನಿಂದ ದೂರವಿರುವವರೂ ಲವಣಗಳನ್ನು ಬೆರೆಸಿ ಕಡಲ ನೀರನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದೆಂದು ತೋರಿಸಿದವರಲ್ಲಿಯೂ ಆತನು ಮೊದಲಿಗನು. ಬೆಂಗಳೂರಿನ ಮನೆಗಳಲ್ಲಿ ಇಂದು ಪೊಟ್ಟಣದ ಉಪ್ಪನ್ನು ಅಳೆದು ನೀರಿಗೆ ಬೆರೆಸುವುದು ಅದೇ ಕ್ರಮವು. ನಮ್ಮ ಮೊಮ್ಮಗಳ ಪ್ರಶ್ನೆಯು ಈ ವಿದ್ಯೆಯಷ್ಟೇ ಹಳೆಯದು.

ಶಾಸ್ತ್ರಪಾಠದಲ್ಲಿ ಮೊದಲು ಒಂದು ಪಕ್ಷವನ್ನು ಅದರ ಬಲವೆಲ್ಲ ಕಾಣುವಂತೆ ಹೇಳಿ, ಅನಂತರ ಎದುರು ಪಕ್ಷವನ್ನು ಹೇಳಿ, ಕಡೆಗೆ ಸಿದ್ಧಾಂತವನ್ನು ನಿಲ್ಲಿಸುವ ಪದ್ಧತಿಯುಂಟು. ಅದನ್ನೇ ಇಲ್ಲಿ ಅನುಸರಿಸುವೆವು.

ಮುಚ್ಚಬೇಕೆನ್ನುವವರ ಪಕ್ಷವು ದುರ್ಬಲವಾದುದಲ್ಲ. ಮೊದಲನೆಯದಾಗಿ, ಮೀನು ಹಾರುವುದು. ಫೈರ್‌ಫಿಷ್ ಎಂಬುದು ಕಡಲಿನಲ್ಲಿ ತನ್ನ ಬಿಲದ ಮೇಲೆಯೇ ತೇಲುತ್ತಿದ್ದು, ಭಯವಾದೊಡನೆ ಬಾಣದಂತೆ ಬಿಲಕ್ಕೆ ಧಾವಿಸುವ ಸ್ವಭಾವವುಳ್ಳದು. ತೊಟ್ಟಿಯ ಇಕ್ಕಟ್ಟಿನಲ್ಲಿ ಅದೇ ವೇಗವು ಅದನ್ನು ನೀರಿನಿಂದ ಹೊರಕ್ಕೆ ಎಸೆಯುವುದು. ಇಂತಹ ಸ್ವಭಾವದ ಮೀನುಗಳು ಇನ್ನೂ ಹಲವು ಇವೆ.

ಎರಡನೆಯದಾಗಿ, ನೀರು ಆರುವುದು. ಇಲ್ಲಿ ಕೊಂಚ ಲೆಕ್ಕ ಹಾಕೋಣ. ಕಡಲಿನ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿರುವುದು. 100 ಲೀಟರಿನಲ್ಲಿ ಮೂರೂವರೆ ಕಿಲೋಗ್ರಾಂ ಆಯಿತು. ಬೇಸಿಗೆಯಲ್ಲಿ ತೆರೆದ ತೊಟ್ಟಿಯಿಂದ ದಿನಕ್ಕೆ ಒಂದು ಲೀಟರು ನೀರು ಆವಿಯಾಗಿ ಹೋಗುವುದು ಆಶ್ಚರ್ಯವಲ್ಲ. ಹತ್ತು ದಿನ ಯಾರೂ ನೋಡದೆ ಇದ್ದರೆ ಉಳಿಯುವುದು 90 ಲೀಟರು. ಆದರೆ ಹೋದುದು ನೀರು ಮಾತ್ರ. ಉಪ್ಪು ಎಲ್ಲಿಗೂ ಹೋಗಲಿಲ್ಲ. ಆ ಮೂರೂವರೆ ಕಿಲೋಗ್ರಾಂ 90 ಲೀಟರಿನಲ್ಲಿ ಸೇರಿಕೊಂಡು ಲೀಟರಿಗೆ ಸುಮಾರು 39 ಗ್ರಾಂ ಆಗುವುದು. ಕಡಲೆಂಬುದು ಬದಲಾಗದ ಮಹಾರಾಶಿ. ಅಲ್ಲಿ ಹುಟ್ಟಿದ ಪ್ರಾಣಿಗೆ ಇಷ್ಟು ಬದಲಾವಣೆಯೂ ಸಂಕಟಕರವು. ಮುಚ್ಚಳವಿದ್ದರೆ ಆವಿಯು ಗಾಜಿಗೆ ತಾಗಿ ಹನಿಯಾಗಿ ಮರಳಿ ತೊಟ್ಟಿಗೇ ಬೀಳುವುದು. ಮೂರನೆಯದಾಗಿ, ಗುಳ್ಳೆಗಳು ಒಡೆದು ಸಿಡಿಯುವ ಉಪ್ಪುನೀರು ಸುತ್ತಲಿನ ಮರದ ಮೇಲೂ ವಿದ್ಯುತ್ತಿನ ತಂತಿಗಳ ಮೇಲೂ ಬಿಳಿಯ ಪೊರೆಯಾಗಿ ಕೂಡುವುದನ್ನು ಮುಚ್ಚಳವು ತಡೆಯುವುದು.

ಇನ್ನು ಎದುರು ಪಕ್ಷ. ಮೀನು ನೀರಿನೊಳಗಿದ್ದರೂ ಅದು ಉಸಿರಾಡುವ ಆಮ್ಲಜನಕವು ಬಹುಪಾಲು ಮೇಲಿನ ಗಾಳಿಯಿಂದಲೇ ನೀರಿಗೆ ಇಳಿಯತಕ್ಕದ್ದು. ಅದರ ಉಸಿರಿನಿಂದ ಹೊರಬಿದ್ದ ಅಂಗಾರಾಮ್ಲ ವಾಯುವು ಅದೇ ಮಾರ್ಗದಲ್ಲಿ ಮೇಲಕ್ಕೆ ಹೋಗತಕ್ಕದ್ದು. 25 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಸಿಹಿನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದುಕೊಳ್ಳಬಲ್ಲುದು; ಕಡಲ ನೀರು ಸುಮಾರು 6.7 ಮಿಲಿಗ್ರಾಂ ಮಾತ್ರ. ನೀರು ಬಿಸಿಯಾದಷ್ಟೂ ಇದು ಇನ್ನೂ ಕಡಿಮೆಯಾಗುವುದು. ಮೊದಲೇ ಕಡಿಮೆಯಿರುವ ಉಸಿರಿಗೆ ಮೇಲಿನಿಂದ ಗಾಜನ್ನು ಹೊದಿಸುವುದು ವಿವೇಕವೆ ಎಂಬುದು ಮೊದಲನೆಯ ಆಕ್ಷೇಪ.

ಎರಡನೆಯ ಆಕ್ಷೇಪವು ಉಷ್ಣಕ್ಕೆ ಸಂಬಂಧಿಸಿದುದು. ಮಣ್ಣಿನ ಹೂಜಿಯ ನೀರು ಏಕೆ ತಂಪಾಗಿರುವುದೆಂಬುದನ್ನು ಎಲ್ಲರೂ ಬಲ್ಲರು. ಹೊರಮೈಯಲ್ಲಿ ಒಸರಿದ ನೀರು ಆವಿಯಾಗುವಾಗ ಒಳಗಿನ ಬಿಸಿಯನ್ನು ಹೊತ್ತುಕೊಂಡು ಹೋಗುವುದು. ಒಂದು ಲೀಟರು ನೀರು ಹೀಗೆ ಆವಿಯಾಗುವಾಗ ಸುಮಾರು 580 ಕಿಲೋಕ್ಯಾಲೊರಿಗಳಷ್ಟು ಉಷ್ಣವನ್ನು ಒಯ್ಯುವುದು. 100 ಲೀಟರು ನೀರನ್ನು ಐದಾರು ಡಿಗ್ರಿ ಇಳಿಸಲು ಸಾಲುವಷ್ಟು ಉಷ್ಣವಿದು. ದೀಪ, ಪಂಪು, ಕೋಣೆಯ ಗಾಳಿ ಇವುಗಳಿಂದ ಬಿಸಿಯು ನಿಲ್ಲದೆ ಒಳಕ್ಕೆ ಬರುತ್ತಿರುವುದರಿಂದ ಅಷ್ಟು ಇಳಿಯುವುದು ಕಾಣದು. ಆದರೆ ಏರದಂತೆ ಕಾಯುತ್ತಿರುವುದು ಅದೇ ಆವಿಯು. ಗಾಜಿನ ಮುಚ್ಚಳವನ್ನು ಬಿಗಿದ ದಿನವೇ ಆ ದಾರಿಯು ಮುಚ್ಚಿಹೋಗುವುದು. ಮೂರನೆಯದಾಗಿ, ಗಾಜಿನ ಒಳಮೈಯಲ್ಲಿ ಉಪ್ಪು ಕಟ್ಟಿ, ಪಾಚಿ ಹಿಡಿದು, ಬೆಳಕು ಮಂದವಾಗುವುದು.

ಎರಡು ಪಕ್ಷಗಳೂ ಸತ್ಯವಾಗಿರುವುದೇ ಈ ವಿವಾದದ ಕಷ್ಟ. ಮಗನೂ ಸರಿ, ಅಂಗಡಿಯವರೂ ಸರಿ. ಇಂತಹ ಸ್ಥಳದಲ್ಲಿ ಹಿರಿಯರೆನಿಸಿಕೊಂಡವರು ಗಂಟಲೇರಿಸಿ ಒಂದು ಪಕ್ಷವನ್ನು ಹಿಡಿದುಬಿಡುವುದುಂಟು. ನಾವು ಒಮ್ಮೆ ಹಾಗೆ ಮಾಡಿದ್ದೆವು. ಒಂದು ರಾತ್ರಿಯ ಅವಧಿಯನ್ನು ಕೇಳಿದ್ದು ಆ ನೆನಪಿನಿಂದಲೇ.

ನಮ್ಮ ಊರು ಮಿಡಿಗೇಶಿ. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ಮಾರ್ಗದಲ್ಲಿ, ದುರ್ಗವಿರುವ ಬಂಡೆಯ ಬೆಟ್ಟದ ಬುಡದಲ್ಲಿದೆ. ನಮ್ಮ ಸೀಮೆಗೆ ಮಳೆಯು ಕಡಿಮೆ. ಬಿದ್ದ ಮಳೆಗಿಂತ ಬಿಸಿಲು ಹೀರುವ ನೀರೇ ಎಷ್ಟೋ ಪಾಲು ಹೆಚ್ಚು. ಹಳೆಯ ಕಾಲದಲ್ಲಿ ಬಂಡೆಯ ದೊಣೆ, ಕೆರೆ, ಬಾವಿಗಳಿಂದ ನಡೆಯುತ್ತಿದ್ದ ಜೀವನವು ಈಗ ಕೊಳವೆ ಬಾವಿಯ ಮೇಲೆ ನಿಂತಿದೆ. ಆಳದಿಂದ ಬರುವ ಆ ನೀರು ಗಡಸು, ಬಾಯಿಗೆ ಸಪ್ಪೆಯುಪ್ಪು; ಹಲವೆಡೆ ಅದರಲ್ಲಿ ಫ್ಲೋರೈಡ್ ಎಂಬ ಲವಣವು ಮಿತಿಮೀರಿರುವುದು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಮಿನೊಳಗಿರಬೇಕು, ಬೇರೆ ನೀರಿಲ್ಲದ ಕಡೆ 1.5ನ್ನು ದಾಟಕೂಡದು ಎಂಬುದು ನಮ್ಮ ದೇಶದ ಪ್ರಮಾಣ. ತರಗತಿಯಲ್ಲಿ ಮಕ್ಕಳು ಬಾಯಿ ತೆರೆದು ನಕ್ಕಾಗ ಹಲ್ಲಿನ ಮೇಲೆ ಕಂದುಗೆರೆಗಳನ್ನು ನಾವು ವರ್ಷವರ್ಷವೂ ಕಂಡಿರುವೆವು.

ನಲ್ಲಿಯಲ್ಲಿ ನೀರು ಬರುವುದು ಮೂರು ನಾಲ್ಕು ದಿನಗಳಿಗೊಮ್ಮೆಯಾದುದರಿಂದ ನಮ್ಮ ಕಡೆಯ ಮನೆಗಳಲ್ಲಿ ಬಚ್ಚಲಿಗೆ ಸೇರಿದಂತೆ ಸಿಮೆಂಟಿನ ತೊಟ್ಟಿಯೊಂದನ್ನು ಕಟ್ಟಿರುವರು. ನಮ್ಮ ಮನೆಯ ತೊಟ್ಟಿಯ ಮೇಲೆ ಎರಡು ಕಡಪದ ಚಪ್ಪಡಿಗಳನ್ನು ಹೊದಿಸಿ, ಚೊಂಬು ಇಳಿಸಲು ಒಂದು ಗೇಣು ಸಂದು ಬಿಟ್ಟಿದ್ದೆವು. ಚಪ್ಪಡಿಗಳು ನಮ್ಮ ತಂದೆಯವರ ಕಾಲದವು. ನೀರು ತಣ್ಣಗಿರುವುದು, ಧೂಳು ಬೀಳದು, ಮಕ್ಕಳು ಬಗ್ಗಿ ನೋಡಲಾರರು ಎಂದು ನಮಗೆ ಅದರ ಮೇಲೆ ಅಭಿಮಾನವಿತ್ತು.

2006ನೆಯ ಇಸವಿಯಲ್ಲಿ ಚಿಕುನ್‌ಗುನ್ಯಾ ಜ್ವರವು ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಹಬ್ಬಿತು. 1963ರಲ್ಲಿ ಕಲ್ಕತ್ತೆಯಲ್ಲಿ ಮೊದಲು ಕಾಣಿಸಿಕೊಂಡು, ಅನಂತರ ಬಹುಕಾಲ ಮರೆಯಾಗಿದ್ದ ಆ ರೋಗವು 2005ರ ಕೊನೆಯಲ್ಲಿ ದೇಶದಲ್ಲಿ ಮರಳಿ ತಲೆಯೆತ್ತಿತ್ತು. ಆಫ್ರಿಕದ ಮಕೊಂಡೆ ಜನರ ಮಾತಿನಲ್ಲಿ ಆ ಹೆಸರಿಗೆ ಮೈಯನ್ನು ಬಗ್ಗಿಸುವುದೆಂಬ ಅರ್ಥವುಂಟು. ಕೀಲುಗಳನ್ನು ಹಿಡಿದು ಮನುಷ್ಯನನ್ನು ಬಿಲ್ಲಿನಂತೆ ಮಾಡುವ ಆ ರೋಗಕ್ಕೆ ತಕ್ಕ ಹೆಸರು.

ಆಗ ಆರೋಗ್ಯದ ಕೆಲಸದವರೊಬ್ಬರು ನಮ್ಮ ಬಾಗಿಲಿಗೆ ಬಂದು, ಚೀಲದಲ್ಲಿ ತಂದಿದ್ದ ಗಪ್ಪಿ ಮೀನುಗಳನ್ನು ತೋರಿಸಿ, “ಮೇಷ್ಟ್ರೇ, ತೊಟ್ಟಿಗೆ ಬಿಡ್ತೀವಿ, ಸೊಳ್ಳೆಮರಿ ತಿಂತವೆ” ಎಂದರು. ನಾವು ಎರಡು ಕಾರಣಗಳನ್ನು ಹೇಳಿ ಕಳುಹಿಸಿಬಿಟ್ಟೆವು. ಮಡಿಯ ಸ್ನಾನದ ನೀರಿನಲ್ಲಿ ಮೀನು ಕೂಡದು ಎಂಬುದು ಒಂದು; ನಮ್ಮ ತೊಟ್ಟಿಗೆ ಮುಚ್ಚಳವಿದೆ ಎಂಬುದು ಇನ್ನೊಂದು. ಅವರು ಚಪ್ಪಡಿಯ ಸಂದನ್ನು ನೋಡಿ ಏನೋ ಹೇಳಹೊರಟರು. ನಾವು ಕೇಳಲಿಲ್ಲ.

ಎರಡು ವಾರಗಳೊಳಗೆ ನಮ್ಮ ತಾಯಿಯವರಿಗೆ ಜ್ವರವು ಬಂದಿತು. ಜ್ವರವು ನಾಲ್ಕು ದಿನಗಳಲ್ಲಿ ಬಿಟ್ಟಿತು, ಕೀಲುನೋವು ಬಿಡಲಿಲ್ಲ. ದಿನವೂ ಸಂಜೆ ಹೂಬತ್ತಿ ಹೊಸೆಯುತ್ತಿದ್ದ ಅವರ ಬೆರಳುಗಳು ಮಡಿಸಲಾರದಂತಾದುವು. ಒಂದು ರಾತ್ರಿ ನಾವು ಚಪ್ಪಡಿಯನ್ನು ಪಕ್ಕಕ್ಕೆ ಸರಿಸಿ ಬ್ಯಾಟರಿಯ ಬೆಳಕು ಬಿಟ್ಟು ನೋಡಿದೆವು. ಕಲ್ಲಿನ ನೆರಳು ಬೀಳುತ್ತಿದ್ದ ಮೂಲೆಯಲ್ಲಿ, ಬಾಲವನ್ನು ನೀರಿನ ಮೇಲ್ಮೈಗೆ ತಾಗಿಸಿಕೊಂಡು, ತಲೆ ಕೆಳಗಾಗಿ ನೂರಾರು ಸೊಳ್ಳೆಮರಿಗಳು ತೂಗಾಡುತ್ತಿದ್ದುವು. ತಾಯಿಯವರನ್ನು ಕಚ್ಚಿದ ಸೊಳ್ಳೆಯು ಅಲ್ಲಿಯೇ ಹುಟ್ಟಿದ್ದೆಂದು ಯಾರೂ ಆಣೆಯಿಟ್ಟು ಹೇಳಲಾರರು. ಆದರೆ ಅದು ಹುಟ್ಟಲು ಬೇಕಾದುದನ್ನೆಲ್ಲ ನಾವು ಮುಚ್ಚಿಟ್ಟು ಕಾಪಾಡಿದ್ದೆವು.

ಈ ರೋಗವನ್ನು ಹರಡುವ ಈಡಿಸ್ ಸೊಳ್ಳೆಯ ಸ್ವಭಾವವನ್ನು ಅನಂತರ ಓದಿ ತಿಳಿದೆವು. ಅದು ಚರಂಡಿಯ ಕೊಳಕಿಗಿಂತ ಮನೆಯೊಳಗಿನ ತಿಳಿನೀರನ್ನೇ ಆರಿಸುವುದು. ಬಿಸಿಲು ಬೀಳುವ ನೀರಿಗಿಂತ ನೆರಳಿನ ಕತ್ತಲೆಯ ನೀರನ್ನು ಮೆಚ್ಚುವುದು. ನೀರಿನ ಮಟ್ಟಕ್ಕೆ ತುಸು ಮೇಲೆ, ತೊಟ್ಟಿಯ ಒದ್ದೆ ಗೋಡೆಗೆ ಮೊಟ್ಟೆಗಳನ್ನು ಅಂಟಿಸುವುದು. ನೀರಾರಿ ಹೋದರೂ ಆ ಮೊಟ್ಟೆಗಳು ಹಲವು ತಿಂಗಳು ಕೆಡದೆ ಕಾದಿದ್ದು, ಮತ್ತೆ ನೀರು ತಾಗಿದಾಗ ಒಡೆಯುವುವು. ಮೊಟ್ಟೆಯೊಡೆದು ರೆಕ್ಕೆ ಬರುವುದಕ್ಕೆ ಎಂಟು ಹತ್ತು ದಿನ ಸಾಕು. ಮರಿಯು ಬಾಲದ ಕೊಳವೆಯಿಂದ ನೇರವಾಗಿ ಗಾಳಿಯನ್ನೇ ಉಸಿರಾಡುವುದರಿಂದ ಚಪ್ಪಡಿಯ ಕೆಳಗೆ ಅದಕ್ಕೆ ಉಸಿರು ಕಟ್ಟುವ ಭಯವಿಲ್ಲ. ಅರೆಮುಚ್ಚಿದ ತೊಟ್ಟಿಯು ಅದಕ್ಕೆ ಪೂರ್ತಿ ತೆರೆದುದಕ್ಕಿಂತ ಸುಖಕರವಾದುದು.

ಅದೇ ವರ್ಷ ನಮ್ಮ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿಯೇ ವಿಜ್ಞಾನಿಗಳು ಇದನ್ನು ಪರೀಕ್ಷೆ ಮಾಡಿದರೆಂಬುದೂ ಆಮೇಲೆ ತಿಳಿಯಿತು. 2006ರ ಮಾರ್ಚಿಯಿಂದ ಮೇ ವರೆಗೆ ದೊಮ್ಮತಮರಿ ಮತ್ತು ಶ್ರೀನಿವಾಸಪುರ ಎಂಬ ಎರಡು ಗ್ರಾಮಗಳಲ್ಲಿ ಮನೆಯೊಳಗಿನ ಸಿಮೆಂಟು ತೊಟ್ಟಿಗಳಿಗೆ ಗಪ್ಪಿ ಮೀನುಗಳನ್ನು ಬಿಟ್ಟು ನೋಡಿದರು. ಸೊಳ್ಳೆಮರಿಗಳು ಸಿಕ್ಕ ಸ್ಥಳಗಳಲ್ಲಿ ನೂರಕ್ಕೆ 86ಕ್ಕಿಂತ ಹೆಚ್ಚು ಈ ತೊಟ್ಟಿಗಳೇ ಆಗಿದ್ದುವು. ಜ್ವರಕ್ಕೂ ಸೊಳ್ಳೆಗೂ ಸಂಬಂಧವಿದೆಯೆಂದು ಬಲ್ಲವರು ಮೊದಲು ನೂರಕ್ಕೆ 18 ಮಂದಿ ಮಾತ್ರ. ದೊಮ್ಮತಮರಿಯಲ್ಲಿ ಮೊದಲು ಜನರಿಗೆ ತಿಳಿವಳಿಕೆ ಹೇಳಿ ನೋಡಿದರು. ಅದರಿಂದಲೇ ಮರಿಗಳು ತಗ್ಗಲಿಲ್ಲ. ಆಮೇಲೆ ತಿಳಿವಳಿಕೆಯೊಡನೆ ಮೀನನ್ನೂ ಬಿಟ್ಟರು. ಒಂದು ವಾರದಲ್ಲಿಯೇ ಮರಿಗಳು ಇಳಿದುವು. ತಿಂಗಳು ಕಳೆದ ಮೇಲೂ ಫಲವು ನಿಂತಿತು. ಹೊಸ ರೋಗಿಗಳು ಕಾಣುವುದು ಬಹುಮಟ್ಟಿಗೆ ನಿಂತೇಹೋಯಿತು. ಶ್ರೀನಿವಾಸಪುರದಲ್ಲಿ ಏನನ್ನೂ ಹೇಳದೆ ಮೀನನ್ನು ಮಾತ್ರ ಬಿಟ್ಟಿದ್ದರು. ಅಲ್ಲಿಯೂ ಪ್ರಯೋಜನವಾಯಿತು, ಆದರೆ ಅಷ್ಟಾಗಲಿಲ್ಲ. ಉಪದೇಶವೇ ವೃತ್ತಿಯಾಗಿದ್ದ ನಮಗೆ ಈ ಫಲಿತಾಂಶವು ಹಲವು ದಿನ ಮನಸ್ಸಿನಲ್ಲಿ ಉಳಿದಿತ್ತು.

ಮಡಿಯ ಪ್ರಶ್ನೆಯನ್ನು ಬಗೆಹರಿಸಿದವರು ನಾವಲ್ಲ, ನಮ್ಮ ತಾಯಿಯವರೇ. ನಾವು ಗ್ರಂಥಗಳನ್ನು ತೆಗೆಯಹೊರಟಾಗ ಅವರು ಹಾಸಿಗೆಯಲ್ಲಿಯೇ ಮಲಗಿದ್ದು, “ಗಂಗೇಲಿ ಮೀನಿಲ್ಲವೇನಪ್ಪ? ಅಲ್ಲಿ ಮುಳುಗೋಕೆ ಕಾಶೀವರೆಗೂ ಹೋಗ್ತಾರೆ. ಬಿಡು, ತೊಟ್ಟಿಗೆ ಬಿಡು” ಎಂದರು. ಮರುದಿನವೇ ನಾವು ಹೋಗಿ, ಹಿಂದೆ ಬಂದಿದ್ದವರನ್ನು ಕಂಡು, ತಪ್ಪೊಪ್ಪಿಕೊಂಡು, ಒಂದು ಸೀಸೆಯಲ್ಲಿ ಆರು ಜೊತೆ ಗಪ್ಪಿಗಳನ್ನು ತಂದೆವು. ಚಪ್ಪಡಿಗಳನ್ನು ತೆಗೆದು ಅಂಗಳಕ್ಕೆ ಹಾಕಿದೆವು; ಈಗ ಅವು ಬಟ್ಟೆ ಒಗೆಯುವ ಕಲ್ಲುಗಳಾಗಿವೆ. ತೊಟ್ಟಿಯ ಮೇಲೆ ಮರದ ಚೌಕಟ್ಟಿಗೆ ಸೊಳ್ಳೆಬಲೆಯನ್ನು ಬಿಗಿದು, ಅಂಚು ಬಿಡದಂತೆ ಕೂರಿಸಿದೆವು. ಅಡಿಗೆಯ ಮಡಿನೀರಿಗೆ ತಾಮ್ರದ ಕೊಡಪಾನವು ಬೇರೆ ಇದ್ದೇ ಇತ್ತು.

ಗಪ್ಪಿಯು ಒಂದಂಗುಲದಷ್ಟಿರುವ ಸಾಧುವಾದ ಮೀನು. ಮೊಟ್ಟೆಯಿಡದೆ ಮರಿ ಹಾಕುವುದು. ಸುಮಾರು ನಾಲ್ಕು ವಾರಕ್ಕೊಮ್ಮೆ ಈಯುವುದರಿಂದ ಸಂತತಿಯು ತಾನಾಗಿಯೇ ಮುಂದುವರಿಯುವುದು. ಟ್ರಿನಿಡಾಡ್ ದ್ವೀಪದ ಗಪ್ಪಿ ಎಂಬುವನು 1866ರಲ್ಲಿ ಲಂಡನ್ನಿಗೆ ಕಳುಹಿಸಿದ ಮಾದರಿಗಳಿಂದ ಅದಕ್ಕೆ ಆ ಹೆಸರು ಬಂದಿತು. ಉಪ್ಪುನೀರನ್ನು ಅದು ಚೆನ್ನಾಗಿ ಸಹಿಸುವುದು. ಮೆಲ್ಲಮೆಲ್ಲನೆ ಅಭ್ಯಾಸ ಮಾಡಿಸಿದರೆ ಕಡಲ ನೀರಿನಲ್ಲಿಯೂ ಬದುಕಬಲ್ಲುದು. ನಮ್ಮ ಕೊಳವೆ ಬಾವಿಯ ಗಡಸುನೀರು ಅದಕ್ಕೆ ಲೆಕ್ಕವಲ್ಲ. ಆದರೆ ಅದನ್ನಾಗಲಿ, 1928ರಲ್ಲಿ ಇಟಲಿಯಿಂದ ಭಾರತಕ್ಕೆ ತಂದ ಗ್ಯಾಂಬೂಸಿಯ ಮೀನನ್ನಾಗಲಿ ಕೆರೆಗೆ ಹೊಳೆಗೆ ಬಿಡಕೂಡದು. ಅವು ಅಲ್ಲಿನ ನಾಡಮೀನುಗಳ ಮೊಟ್ಟೆಮರಿಗಳನ್ನು ತಿಂದುಹಾಕುವುವು. ತೊಟ್ಟಿಯ ಮೀನು ತೊಟ್ಟಿಯಲ್ಲಿಯೇ ಇರತಕ್ಕದ್ದು.

ಇಷ್ಟು ನೆನಪಾದ ಮೇಲೆ ಮೊಮ್ಮಗಳ ಪ್ರಶ್ನೆಗೆ ಉತ್ತರವು ದೂರವಿರಲಿಲ್ಲ. 2006ರಲ್ಲಿ ನಾವು ಮಾಡಿದ ತಪ್ಪು, ಮುಚ್ಚಿದ್ದೂ ಅಲ್ಲ, ತೆರೆದಿಟ್ಟದ್ದೂ ಅಲ್ಲ. ಯಾವುದನ್ನು ತಡೆಯಬೇಕು, ಯಾವುದಕ್ಕೆ ದಾರಿ ಬಿಡಬೇಕು ಎಂಬುದನ್ನು ಕೇಳಿಕೊಳ್ಳದೆ ಮುಚ್ಚಳವೆಂಬ ಹೆಸರನ್ನು ನಂಬಿದ್ದೇ ತಪ್ಪು. ಗಾಜಿನ ತೊಟ್ಟಿಯಲ್ಲಿ ತಡೆಯಬೇಕಾದುದು ಹಾರುವ ಮೀನನ್ನು. ದಾರಿ ಬಿಡಬೇಕಾದುದು ಗಾಳಿ, ಬೆಳಕು, ಬಿಸಿಗಳಿಗೆ. ಎರಡನ್ನೂ ಒಟ್ಟಿಗೆ ಮಾಡುವುದು ಗಾಜಲ್ಲ, ಬಲೆ.

ಬೆಳಗ್ಗೆ ಎದ್ದು ಹಾಗೆಯೇ ಹೇಳಿದೆವು. ಕಿಟಕಿಗೆ ಹಾಕುವಂತಹ ಅಲ್ಯುಮಿನಿಯಂ ಚೌಕಟ್ಟಿಗೆ ಕಾಲಂಗುಲ ಕಣ್ಣಿನ ಬಿಳಿಯ ನೈಲಾನ್ ಬಲೆಯನ್ನು ಬಿಗಿಸಿ ತೊಟ್ಟಿಯ ಮೇಲೆ ಕೂರಿಸತಕ್ಕದ್ದು. ತಂತಿ, ಕೊಳವೆಗಳು ಹಾಯುವ ಮೂಲೆಯಲ್ಲಿ ಬೆರಳು ತೂರುವಷ್ಟು ಸಂದೂ ಉಳಿಯಬಾರದು; ಹಾರುವ ಮೀನು ಆ ಸಂದನ್ನೇ ಕಂಡುಹಿಡಿಯುವುದು. ರಾತ್ರಿ ದೀಪವನ್ನು ಥಟ್ಟನೆ ಹಾಕಬಾರದು. ವಿದ್ಯುತ್ತಿನ ತಂತಿಯು ಗೋಡೆಯ ಪ್ಲಗ್ಗಿಗೆ ಹೋಗುವ ಮೊದಲು ಕೆಳಕ್ಕೆ ಜೋಲುಬಿದ್ದು ಮೇಲೇರುವಂತಿರಬೇಕು. ಹಾಗಿದ್ದರೆ ತಂತಿಯ ಮೇಲೆ ಹರಿದ ಉಪ್ಪುನೀರು ಜೋಲಿನಲ್ಲಿಯೇ ತೊಟ್ಟಿಕ್ಕುವುದಲ್ಲದೆ ಪ್ಲಗ್ಗನ್ನು ಮುಟ್ಟದು.

ಬಲೆಯು ಆವಿಯನ್ನು ತಡೆಯದಷ್ಟೆ. ಅದಕ್ಕೆ ಪ್ರತಿಯಾಗಿ ಮನುಷ್ಯನು ದಿನವೂ ಕೊಂಚ ದುಡಿಯಬೇಕು. ಗಾಜಿನ ಹೊರಮೈಯಲ್ಲಿ ನೀರಿನ ಮಟ್ಟಕ್ಕೆ ಒಂದು ಗೆರೆಯನ್ನು ಎಳೆದು, ಪ್ರತಿದಿನ ಬೆಳಗ್ಗೆ ಎಷ್ಟು ಇಳಿದಿದೆಯೊ ಅಷ್ಟನ್ನು ತುಂಬತಕ್ಕದ್ದು. ಇಲ್ಲಿ ಹಲವರು ಎಡವುವರು. ತೊಟ್ಟಿಯಲ್ಲಿರುವುದು ಉಪ್ಪುನೀರೆಂದು ಉಪ್ಪು ಕಲಸಿದ ನೀರನ್ನೇ ಸುರಿಯುವರು. ಹೋದುದು ನೀರೊಂದೇ ಆದುದರಿಂದ ಸೇರಿಸಬೇಕಾದುದೂ ಶುದ್ಧವಾದ ಸಿಹಿನೀರು ಮಾತ್ರ. ಇನ್ನೊಂದು ಎಚ್ಚರಿಕೆಯನ್ನೂ ಹೇಳಿದೆವು. ಹವಳ, ಸಮುದ್ರಕುದುರೆಗಳನ್ನು ಯಾರು ಮಾರಿದರೂ ಕೊಳ್ಳಬಾರದು. 2001ರಿಂದ ಅವು ವನ್ಯಜೀವಿ ಸಂರಕ್ಷಣೆಯ ಕಾನೂನಿನ ರಕ್ಷಣೆಯಲ್ಲಿವೆ.

ಕಡಲ ತೊಟ್ಟಿಯಿಲ್ಲದ ಗೃಹಸ್ಥರಿಗೂ ಈ ವಿಚಾರದಿಂದ ಪ್ರಯೋಜನವುಂಟು. ಪ್ರತಿಯೊಂದು ಮನೆಯಲ್ಲಿಯೂ ನಾಲ್ಕಾರು ಬಗೆಯ ನೀರು ನಿಂತಿರುವುದು. ಎಲ್ಲಕ್ಕೂ ಒಂದೇ ವಿಧಿಯು ಸಲ್ಲದು. ನೆಲದೊಳಗಿನ ಸಂಪಿಗೆ ಬಿಗಿಯಾದ, ಬೀಗವುಳ್ಳ ಮುಚ್ಚಳವು ಸದಾ ಇರಬೇಕು. ಅಂಬೆಗಾಲಿಡುವ ಕೂಸಿನ ಪ್ರಾಣವು ಅದರ ಮೇಲೆ ನಿಂತಿದೆ. ಘಟಕದಿಂದ ಕ್ಯಾನಿನಲ್ಲಿ ತಂದ ಕುಡಿಯುವ ನೀರನ್ನು ಪೂರ್ತಿಯಾಗಿ ಮುಚ್ಚಿ, ಕೈಯದ್ದದೆ ನಲ್ಲಿಯಿಂದ ಹಿಡಿಯಬೇಕು. ಫ್ಲೋರೈಡಿನ ನೀರನ್ನು ಕುದಿಸಿದರೆ ಶುದ್ಧವಾಗುವುದೆಂಬ ಭ್ರಮೆ ಬೇಡ. ಕುದಿದು ನೀರು ಹೋದಷ್ಟೂ ಉಳಿದುದರಲ್ಲಿ ಲವಣವು ದಟ್ಟವಾಗುವುದೆಂಬುದನ್ನು ಗಾಜಿನ ತೊಟ್ಟಿಯ ಲೆಕ್ಕವೇ ತೋರಿಸಿರುವುದು.

ಬಳಕೆಯ ಸಿಮೆಂಟು ತೊಟ್ಟಿಗೆ ಬಲೆಯೂ ಮೀನೂ ಎರಡೂ ಇರಲಿ. ಒಂದು ತಪ್ಪಿದರೂ ಇನ್ನೊಂದು ಕಾಯುವುದು. ಬ್ಲೀಚಿಂಗ್ ಪುಡಿ ಬೆರೆಸಿದ ನೀರು ಬರುವ ದಿನ ಮೀನುಗಳನ್ನು ಬೇರೆ ಪಾತ್ರೆಗೆ ತೆಗೆದು, ನೀರು ಒಂದು ದಿನ ತೆರೆದಿದ್ದ ಮೇಲೆ ಬಿಡಬೇಕು. ಗಡಸುನೀರಿನ ಮೇಲೆ ಗಡಸುನೀರನ್ನು ತುಂಬುತ್ತಲೇ ಹೋದರೆ ಲವಣವು ಕೂಡಿಕೊಳ್ಳುವುದರಿಂದ ಆಗಾಗ ತೊಟ್ಟಿಯನ್ನು ಬರಿದುಮಾಡುವುದೂ ಅಗತ್ಯ. ಮೀನನ್ನು ಒಲ್ಲದವರು ಡ್ರಮ್ಮು, ಹಂಡೆ, ತೊಟ್ಟಿಗಳನ್ನು ವಾರಕ್ಕೊಂದು ದಿನ ಪೂರ್ತಿ ಬರಿದುಮಾಡಿ, ಒಳಗೋಡೆಯನ್ನು ತೆಂಗಿನ ನಾರಿನಿಂದ ಗಸಗಸನೆ ಉಜ್ಜಿ, ಒಣಗಿಸಿ ತುಂಬಬೇಕು. ಉಜ್ಜದೆ ನೀರನ್ನು ಚೆಲ್ಲಿದರೆ ಗೋಡೆಗಂಟಿದ ಮೊಟ್ಟೆಗಳು ಅಲ್ಲಿಯೇ ಉಳಿಯುವುವು. ಕಡೆಯದಾಗಿ, ಅರೆಮುಚ್ಚಳವನ್ನು ಯಾವ ನೀರಿನ ಮೇಲೆಯೂ ಇಡಬೇಡಿ.

ಬೆಂಗಳೂರಿನ ತೊಟ್ಟಿಯಲ್ಲಿ ಈಗ ಕ್ಲೌನ್ ಮೀನುಗಳೆರಡೂ ಕ್ಷೇಮವಾಗಿವೆ. ಗಾಜಿನ ಮೇಲೆ ಕೆಂಪು ಗೆರೆಯನ್ನು ಎಳೆದವಳು ಮೊಮ್ಮಗಳೇ. ಬೆಳಗ್ಗೆ ಹಲ್ಲುಜ್ಜುವ ಮೊದಲು ಲೋಟದಲ್ಲಿ ನೀರಳೆದು ಹಾಕಿ ಒಂದು ಪುಸ್ತಕದಲ್ಲಿ ಬರೆದಿಡುವಳಂತೆ. ಸತ್ತುಹೋದ ಮೀನಿಗೆ ಬದಲಾಗಿ ಇನ್ನೊಂದನ್ನು ತರುವುದು ಬೇಡವೆಂದು ಅವಳೇ ಹೇಳಿದಳು.

ನಮ್ಮ ತಾಯಿಯವರು ಈಗ ಇಲ್ಲ. ಅವರ ಬೆರಳುಗಳು ಬತ್ತಿ ಹೊಸೆಯುವಷ್ಟು ಸಡಿಲವಾಗಲು ಒಂದೂವರೆ ವರ್ಷ ಹಿಡಿಯಿತು. ಆ ಅವಧಿಯಲ್ಲಿ ದೇವರ ದೀಪಕ್ಕೆ ಬತ್ತಿ ಹೊಸೆದವರು ನಾವು. ಒಂದೂ ನೇರವಾಗಿ ಬರಲಿಲ್ಲವೆಂದು ಅವರು ನಗುತ್ತಿದ್ದರು. ಮಿಡಿಗೇಶಿಯ ಮನೆಯಲ್ಲಿ ನಾವು ಇಂದಿಗೂ ಬೆಳಗಿನ ಸ್ನಾನಕ್ಕೆ ತೊಟ್ಟಿಯ ಬಲೆಯನ್ನು ಎತ್ತಿದಾಗ ಆ ಗಪ್ಪಿಗಳ ಸಂತತಿಯು ಬೆಳಕಿನ ಕಡೆಗೆ ಗುಂಪಾಗಿ ಬರುವುದು. ಈ ಲೇಖನವನ್ನು ಓದಿದ ವಾಚಕರು ಇಂದು ಸಂಜೆ ದೀಪವೊಂದನ್ನು ಹಿಡಿದು ತಮ್ಮ ಮನೆಯ ತೊಟ್ಟಿಯ ಕತ್ತಲೆಯ ಮೂಲೆಯನ್ನು ಒಮ್ಮೆ ಬಗ್ಗಿ ನೋಡುವುದಾದರೆ ನಮ್ಮ ಶ್ರಮವು ಸಾರ್ಥಕವೆಂದು ತಿಳಿಯುವೆವು.